ದೇವದುರ್ಗದಲ್ಲಿ ಇಂಗ್ಲಿಷ್ ಕೊಲೆ

ನಾನು ದುಡ್ಡು ಕೊಟ್ಟು ಹೆದರುವವಳು. ಕಾಲೇಜಿಗೆ ದಸರಾ ರಜೆ ಬಿಡುತ್ತಿದ್ದಂತೆ ಜೊತೆಯವರೆಲ್ಲ ಸೀರೆ ಅಂಗಡಿ ಸುತ್ತಿದರೆ, ನಾನು ರಾಯಚೂರಿನ ಹಳೇ ಪುಸ್ತಕದ ಅಂಗಡಿಗೆ ಹೋಗಿ ಒಂದು ಇಂಗ್ಲಿಷ್ ಕೊಲೆ ಕಾದಂಬರಿ ಆರಿಸಿಕೊಂಡು ಬರುತ್ತೇನೆ. ಆರಿಸುವುದಕ್ಕೆ ನನ್ನದೇ ಕೆಲವು ಕಟ್ಟಳೆಗಳಿವೆ. ಮನೆ ದೊಡ್ಡದಿರಬೇಕು. ಹೊರಗೆ ಹಿಮ ಬೀಳುತ್ತಿರಬೇಕು. ಯಾರೂ ಮನೆ ಬಿಟ್ಟು ಹೋಗುವಂತಿರಬಾರದು. ಕೊಂದವರು ಅದೇ ಮನೆಯಲ್ಲಿ ಎಲ್ಲರ ನಡುವೆ ಕೂತು ಚಹಾ ಕುಡಿಯುತ್ತಿರಬೇಕು. ಬೀದಿಯಲ್ಲಿ ಗುಂಡು ಹಾರಿಸುವ ಕೊಲೆಗಾರರು ನನಗೆ ಬೇಡ. ಅಂಥವರ ಸುದ್ದಿ ಪೇಪರಿನಲ್ಲೇ ಬರುತ್ತದೆ.

ಇಷ್ಟು ಹೇಳಿದ್ದಕ್ಕೆ ನನ್ನದು ಗಟ್ಟಿ ಎದೆ ಅಂದುಕೊಳ್ಳಬೇಡಿ. ಒಬ್ಬಳೇ ಇರುವ ಮನೆಯಲ್ಲಿ ಮಲಗುವ ಮುಂಚೆ ಬಾಗಿಲ ಚಿಲಕ ನೋಡಿ, ಗ್ಯಾಸ್ ನೋಡಿ, ಮಂಚದ ಕೆಳಗೆ ಬಗ್ಗಿ ನೋಡಿ, ಬಗ್ಗಿದಾಗ ಚಿಲಕ ಸರಿಯಿತೇನೋ ಎಂದು ಮತ್ತೆ ಎದ್ದು ಚಿಲಕ ನೋಡುವವಳು ನಾನು. ಕ್ಲಾಸಿನಲ್ಲಿ ನನ್ನ ದನಿಗೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂಡುತ್ತಾರೆ. ಪಾಪ, ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅವರ ಇಂಗ್ಲಿಷ್ ಮೇಡಂ ಏನಾಗುತ್ತಾಳೆಂದು ಅವರಿಗೆ ಗೊತ್ತಿಲ್ಲ.

ಈ ಪುಕ್ಕಲುತನ ನನಗೆ ಬಂದದ್ದು ಮಾನ್ವಿಯಿಂದ. ಅಪ್ಪ ಅಲ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಿರಣಿಯ ಹಿಂದೆಯೇ ನಮ್ಮ ಮನೆ. ಹಗಲೆಲ್ಲ ಗಿರಣಿಯ ಸದ್ದು, ಗಾಳಿಯಲ್ಲಿ ತೌಡಿನ ವಾಸನೆ, ಒಣಗಲು ಹಾಕಿದ ಬಟ್ಟೆಯ ಮೇಲೂ ಸಣ್ಣ ಹೊಟ್ಟು. ಆ ಸದ್ದಿಗೆ ನಾವು ಎಷ್ಟು ಒಗ್ಗಿಹೋಗಿದ್ದೆವೆಂದರೆ ಅದರ ನಡುವೆಯೇ ನಿದ್ದೆ ಮಾಡುತ್ತಿದ್ದೆವು, ಅದರ ಮೇಲೆಯೇ ಕೂಗಿ ಮಾತಾಡುತ್ತಿದ್ದೆವು. ಕರೆಂಟು ಹೋಗಿ ಗಿರಣಿ ಫಕ್ಕನೆ ನಿಂತಾಗ ಮಾತ್ರ ನನ್ನ ಜೀವ ಹಾರಿಹೋಗುತ್ತಿತ್ತು. ಜಗತ್ತೇ ಉಸಿರು ಹಿಡಿದುಕೊಂಡು ಯಾವುದಕ್ಕೋ ಕಾಯುತ್ತಿದೆ ಅನಿಸುತ್ತಿತ್ತು. ಆಗ ನಾನು ಓಡಿಹೋಗಿ ಯಾರಾದರೊಬ್ಬರ ಸೆರಗು ಹಿಡಿಯಬೇಕು. ರಜೆಯಲ್ಲಿ ಅದು ನೀಲಮ್ಮತ್ತೆಯ ಸೆರಗು.

ನೀಲಮ್ಮತ್ತೆ ಅಪ್ಪನ ಅಕ್ಕ. ಕೊಟ್ಟ ಮನೆ ದೇವದುರ್ಗದ್ದು. ರಜೆಗೆ ತವರಿಗೆ ಬಂದರೆ ನಾನು ಅವಳ ಹಿಂದೆಯೇ ಸುತ್ತುತ್ತಿದ್ದೆ. ಮುಂದೆ ಅವಳು ತನ್ನ ಮಗ ಬಸವರಾಜ ಮಾಮನಿಗೆ ನನ್ನನ್ನೇ ಕೇಳಿದಳು. ನಮ್ಮ ಕಡೆ ಅದು ಕೇಳುವ ಮಾತೂ ಅಲ್ಲ, ಹುಟ್ಟಿದಾಗಲೇ ತೀರ್ಮಾನವಾಗಿರುವಂಥದ್ದು. ನಾನು ಒಲ್ಲೆ ಅಂದೆ. ಎಂ.ಎ. ಓದಬೇಕು ಅಂದೆ. ಮನೆಯಲ್ಲಿ ಎಲ್ಲರೂ ಮಾತು ಬಿಟ್ಟರು, ಅತ್ತೆಯೊಬ್ಬಳನ್ನು ಬಿಟ್ಟು. ಓದಲಿ ಬಿಡ್ರಿ ಅಂದವಳೇ ನನ್ನ ತಂಗಿ ಗಿರಿಜಾಳನ್ನು ಸೊಸೆ ಮಾಡಿಕೊಂಡಳು. ನಾನು ರಾಯಚೂರಿಗೆ ಬಂದು ಓದಿ, ಅಲ್ಲೇ ಕೆಲಸ ಹಿಡಿದು, ಮದುವೆಯ ವಿಚಾರ ಇವತ್ತು ನಾಳೆ ಅನ್ನುತ್ತಾ ಐವತ್ತು ದಾಟಿದೆ. ಮದುವೆಯಾದ ದಿನದಿಂದ ಗಿರಿಜಾ ಅತ್ತೆಯನ್ನು ‘ನೀವು’ ಅನ್ನತೊಡಗಿದಳು. ನಾನು ಮಾತ್ರ ಇನ್ನೂ ‘ನೀನು’ ಎಂದೇ ಕರೆಯುತ್ತೇನೆ.

ಅಂತೂ ಈ ಸಲದ ದಸರೆಗೂ ನಾನು ದೇವದುರ್ಗದ ಬಸ್ಸು ಹತ್ತಿದೆ. ಪುಸ್ತಕದ ಮುಖಪುಟದಲ್ಲಿ ಒಂದು ಕೈ, ಆ ಕೈಯಲ್ಲೊಂದು ಹಾಲಿನ ಲೋಟ, ಅಷ್ಟೇ. ಪಕ್ಕದಲ್ಲಿ ಕೂತಿದ್ದ ಹಿರಿಯರು ಬಹಳ ಹೊತ್ತು ನನ್ನನ್ನೂ ಪುಸ್ತಕವನ್ನೂ ನೋಡಿ, ಯಾವ ಪರೀಕ್ಷೆಗೆ ಓದುತ್ತಿದ್ದೀರಿ ಎಂದು ಕೇಳಿದರು. ಇಷ್ಟು ವಯಸ್ಸಾದವಳು ಸುಮ್ಮನೆ ಹೆದರಿಕೊಳ್ಳಲು ಓದುತ್ತಿದ್ದೇನೆ ಎಂದು ಹೇಳಲು ನಾಚಿಕೆಯಾಗಿ, ಇಲಾಖೆ ಪರೀಕ್ಷೆ ಅಂದೆ. ಪಾಸಾಗುತ್ತೀರಿ ಬಿಡ್ರಿ ಎಂದು ಧೈರ್ಯ ಹೇಳಿದರು. ಗಬ್ಬೂರಿನಲ್ಲಿ ಬಸ್ಸು ನಿಂತು ಎಲ್ಲರೂ ಇಳಿದು ಮಿರ್ಚಿ ಭಜಿ ತಿಂದು ಬಂದರೂ ನಾನು ಏಳಲಿಲ್ಲ. ಅಷ್ಟೊತ್ತಿಗೆ ಆ ಇಂಗ್ಲಿಷ್ ಮನೆಯಲ್ಲಿ ಮುದುಕಿಯೊಬ್ಬಳು ಕುರ್ಚಿಯಲ್ಲಿ ಕೂತಲ್ಲೇ ಸತ್ತಿದ್ದಳು.

ಅತ್ತೆ ಈ ವರ್ಷ ಇಳಿದುಹೋಗಿದ್ದಳು. ಬೇಸಿಗೆಯಲ್ಲಿ ಎದೆನೋವು ಬಂದು ಅವಳನ್ನು ರಾಯಚೂರಿಗೆ ಕರೆತಂದಿದ್ದರು. ಆಸ್ಪತ್ರೆಯ ಬಾಕಿನ ಮೇಲೆ ನಾನೂ ಗಿರಿಜಾಳೂ ಕೈ ಕೈ ಹಿಡಿದು ಕೂತಿದ್ದೆವು. ಡಾಕ್ಟರು ಅವಳನ್ನು ಉಳಿಸಿಕೊಟ್ಟು, ಗುಳಿಗೆ ಒಂದು ದಿನವೂ ತಪ್ಪಬಾರದು, ತಪ್ಪಿದರೆ ನನ್ನನ್ನು ಕೇಳಬೇಡಿ ಎಂದು ಬೆರಳು ತೋರಿಸಿ ಹೇಳಿದ್ದರು. ಅವತ್ತಿನಿಂದ ಬೆಳಿಗ್ಗೆ ಸಂಜೆ ಗಿರಿಜಾ ಗುಳಿಗೆ ಬಿಚ್ಚಿ ಅತ್ತೆಯ ಅಂಗೈಗೆ ಹಾಕಿ, ನೀರಿನ ಚಂಬು ಹಿಡಿದು ನಿಲ್ಲುತ್ತಿದ್ದಳು.

ಕಾಲು ಬಾರದ ಕಾರಣ ಶ್ರಾವಣದಲ್ಲಿ ಅತ್ತೆಗೆ ಮಠದ ಪುರಾಣಕ್ಕೆ ಹೋಗಲಾಗಿರಲಿಲ್ಲ. ಅದು ಅವಳಿಗೆ ಎದೆನೋವಿಗಿಂತ ದೊಡ್ಡ ನೋವು. ಮಠದಲ್ಲಿ ಒಬ್ಬರು ಪುರಾಣ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಹೆಣ್ಣುಮಕ್ಕಳು ಹತ್ತಿಯ ಬತ್ತಿ ಹೊಸೆಯುತ್ತ ಕೇಳುತ್ತಾರೆ. ಊಟವಾದ ಮೇಲೆ ನಾನು ಪಡಸಾಲೆಯ ಕಂಬಕ್ಕೊರಗಿ ಪುಸ್ತಕ ತೆರೆದರೆ, ಅತ್ತೆ ತನ್ನ ಹತ್ತಿಯ ಬುಟ್ಟಿ ತಂದು ಎದುರಿಗೆ ಕೂತಳು. ಅದರಲ್ಲಿ ಏನಿದೆ ಎಂದು ಕೇಳಿದಳು. ಕತೆ ಅಂದೆ. ಹಾಗಾದರೆ ಓದಿ ಅರ್ಥ ಹೇಳು ಅಂದಳು. ಪಕ್ಕದ ಮನೆಯಿಂದ ದಿನಾ ಎಮ್ಮೆಯ ಹಾಲು ತಂದುಕೊಡುವ, ಅತ್ತೆಯ ಹಳೇ ಗೆಳತಿ ಶರಣಮ್ಮನನ್ನೂ ಕೂಗಿ ಕರೆದಳು. ಇಬ್ಬರೂ ಸೇರಿ ನನ್ನ ಕೊಲೆ ಕಾದಂಬರಿಗೆ ಕೈಮುಗಿದರು. ನನಗೆ ಮುಜುಗರವಾಗಿ ಮುಖಪುಟಕ್ಕೆ ಪೇಪರಿನ ರಟ್ಟು ಹಾಕಿದೆ.

ಆ ಇಂಗ್ಲಿಷ್ ಹೆಸರುಗಳು ಶರಣಮ್ಮನ ನಾಲಿಗೆಯಲ್ಲಿ ಹೊರಳಲಿಲ್ಲ. ಯಾರು ಯಾರೆಂದು ತಿಳಿಯದೆ ಇಬ್ಬರೂ ಬೇಸರಪಟ್ಟುಕೊಂಡಾಗ ನಾನು ಸುಲಭದ ದಾರಿ ಹಿಡಿದೆ. ಹೆಸರೇ ಬೇಡ ಅಂದೆ. ಸತ್ತವಳು ಅತ್ತೆ, ಅವಳಿಗೊಬ್ಬ ಮಗ, ಒಬ್ಬ ಸೊಸೆ. ಪಾದ್ರಿ ನಮ್ಮ ಅಯ್ಯನವರಾದರು. ಇನ್‌ಸ್ಪೆಕ್ಟರು ಫೌಜದಾರನಾದ. ಹಿಮ ಬಿದ್ದದ್ದನ್ನು ದೇವದುರ್ಗದ ಬಿಸಿಲಲ್ಲಿ ಹೇಗೆ ಹೇಳಲಿ? ಮಳೆ ಹತ್ತಿ ಹಳ್ಳ ಬಂದು ದಾರಿ ಬಂದ್ ಆಯಿತು ಅಂದೆ. ಕೇಳಿದವರಿಗೆ ಎಲ್ಲವೂ ತಿಳಿಯಿತು. ಹೀಗೆ ಆ ಕೊಲೆ ಇಂಗ್ಲೆಂಡ್ ಬಿಟ್ಟು ಬಂದು ನಮ್ಮ ಪಡಸಾಲೆಯಲ್ಲಿ ಕೂತಿತು. ನಾನು ನನ್ನ ಜಾಣತನಕ್ಕೆ ನಾನೇ ಬೀಗಿದೆ.

ನಿಜ ಹೇಳಬೇಕೆಂದರೆ ಅಂಥ ಕೇಳುಗರು ನನಗೆ ಕ್ಲಾಸಿನಲ್ಲಿ ಎಂದೂ ಸಿಕ್ಕಿಲ್ಲ. ಫೌಜದಾರ ಬಂದಾಗ ಶರಣಮ್ಮ ಸೆರಗು ಸರಿಪಡಿಸಿಕೊಂಡಳು. ದೀಪ ಆರಿದ ಕೋಣೆಯಲ್ಲಿ ಯಾರೋ ನಡೆದಾಡಿದಾಗ ಹೊಸೆಯುತ್ತಿದ್ದ ಬತ್ತಿ ಕೈಯಲ್ಲೇ ನಿಂತಿತು. ಮುದುಕಿಗೆ ರಾತ್ರಿಯ ಔಷಧಿ ಕೊಡುತ್ತಿದ್ದದ್ದು ಸೊಸೆ ಎಂದೂ, ಆ ಔಷಧಿಯ ಬಾಟಲಿಯನ್ನು ಯಾರೋ ಬದಲಾಯಿಸಿದ್ದರೆಂದೂ ನಾನು ದನಿ ತಗ್ಗಿಸಿ ಹೇಳಿದಾಗ ಅತ್ತೆ, ಔಷಧಿ ಕೊಟ್ಟದ್ದು ಸೊಸೆಯೇ ಹೌದಾ ಎಂದು ಎರಡು ಸಲ ಕೇಳಿದಳು. ಹೌದು ಅಂದೆ. ಅವಳು ಹೆದರುವುದನ್ನು ನೋಡಿ ನನಗೆ ಖುಷಿಯಾಯಿತು. ಬೇರೆಯವರನ್ನು ಹೆದರಿಸುವ ಸುಖ ಹೆದರುವ ಸುಖಕ್ಕಿಂತ ದೊಡ್ಡದು ಎಂದು ಆಗ ಗೊತ್ತಾಯಿತು.

ಮನೆಯಲ್ಲಿ ಸಣ್ಣ ಸಣ್ಣ ಬದಲಾವಣೆಗಳಾದವು. ಯಾವತ್ತೂ ಎಲ್ಲರಿಗಿಂತ ಮೊದಲು ಉಣ್ಣುವ ಅತ್ತೆ, ಈಗ ಸೊಸೆ ಉಂಡ ಮೇಲೆ ಅದೇ ಬುಟ್ಟಿಯ ರೊಟ್ಟಿ, ಅದೇ ಪಾತ್ರೆಯ ಪಲ್ಯ ಹಾಕಿಸಿಕೊಂಡು ಉಣ್ಣತೊಡಗಿದಳು. ಗಿರಿಜಾ ಇದನ್ನು ನನಗೆ ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

“ಅಕ್ಕಾ, ಅತ್ತಿ ಭಾಳ ಬದಲಾಗ್ಯಾರ ನೋಡು. ಮೊದಲ ನೀ ಉಣ್ಣವಾ ಅಂತಾರ. ಇಷ್ಟು ವರ್ಷದಾಗ ಹಿಂಗ ಯಾವತ್ತೂ ಅಂದಿದ್ದಿಲ್ಲ.”

ನಾನೂ ಸಂತೋಷಪಟ್ಟೆ. ಕೊಲೆ ಕಾದಂಬರಿ ಇಷ್ಟೊಂದು ಓದಿದವಳಿಗೆ ಅಷ್ಟೂ ತಿಳಿಯಲಿಲ್ಲ.

ತಿಳಿದದ್ದು ಬತ್ತಿಯ ಡಬ್ಬಿಯಿಂದ. ಒಂದು ಮಧ್ಯಾಹ್ನ ಓದು ಮುಗಿದು, ಅತ್ತೆ ಬಚ್ಚಲಿಗೆ ಹೋಗಿದ್ದಾಗ, ಹೊಸೆದ ಬತ್ತಿಗಳನ್ನು ಎತ್ತಿಡಲು ನಾನು ಅವಳ ಡಬ್ಬಿ ತೆರೆದೆ. ಬೆರಳಿಗೆ ಏನೋ ಗಟ್ಟಿಯಾದದ್ದು ತಗುಲಿತು. ಬೆಳ್ಳನೆಯ ಬತ್ತಿಗಳ ಕೆಳಗೆ ಬೆಳ್ಳನೆಯ ಗುಳಿಗೆಗಳು. ಕೆಲವು ಬಾಯಿಗೆ ಹಾಕಿ ಉಗುಳಿದವು, ಅರ್ಧ ಕರಗಿ ಹತ್ತಿಗೆ ಅಂಟಿಕೊಂಡಿದ್ದವು.

ಪುಸ್ತಕದಲ್ಲಿ ಹೆದರುವುದು ಬೇರೆ, ಹೀಗೆ ಹೆದರುವುದು ಬೇರೆ. ಪುಸ್ತಕದಲ್ಲಿ ಹೆದರಿದಾಗ ಎದೆ ಹೊಡೆದುಕೊಂಡರೂ ಒಳಗೊಳಗೆ ಒಂದು ಹಿತವಿರುತ್ತದೆ, ಮಡಚಿಟ್ಟರೆ ಮುಗಿಯಿತು. ಇದು ಡಬ್ಬಿ ಮುಚ್ಚಿಟ್ಟರೆ ಮುಗಿಯುವಂಥದ್ದಲ್ಲ. ಅತ್ತೆ ಬಚ್ಚಲಿನಿಂದ ಗೋಡೆ ಹಿಡಿದು ಬರುತ್ತಿದ್ದಳು. ಅವಳ ಕಾಲುಗಳನ್ನು ನಾನು ಆಗ ಸರಿಯಾಗಿ ನೋಡಿದೆ. ಪಾದ ಊದಿಕೊಂಡು ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು. ಪಡಸಾಲೆ ದಾಟುವಷ್ಟರಲ್ಲಿ ಕಂಬ ಹಿಡಿದು ನಿಂತು ಉಸಿರು ಎಳೆದುಕೊಂಡಳು. ಇದು ನಾನು ಬಂದಾಗ ಇರಲಿಲ್ಲ.

ಗಿರಿಜಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಬಾಗಿಲು ಅಡ್ಡ ಮಾಡಿ ಅತ್ತೆಯ ಮುಂದೆ ಡಬ್ಬಿ ಇಟ್ಟೆ. ಅವಳು ನಾಚಲಿಲ್ಲ, ಗಾಬರಿಯೂ ಆಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಮಡಿಲಲ್ಲಿ ಇಟ್ಟುಕೊಂಡಳು.

“ನೀ ಬುಕ್ ತಂದಿದ್ದು ಛಲೋ ಆತವಾ ಸರೋಜಾ. ಇಲ್ಲಂದ್ರ ನನಗೆಲ್ಲಿ ತಿಳೀತಿತ್ತು. ಆ ಗುಳಿಗಿ ತೊಗೊಂಡಾಗೆಲ್ಲ ತಲಿ ತಿರಗ್ತಿತ್ತು ನನಗ.”

ಅದು ಕತೆ, ಯಾರೋ ಕೂತು ಕಟ್ಟಿ ಬರೆದದ್ದು ಎಂದು ನಾನು ತೊದಲಿದೆ. ಗಿರಿಜಾ ನಿನ್ನ ತಮ್ಮನ ಮಗಳು, ಅವಳ ಕೈಯಡಿಗೆ ಇಷ್ಟು ವರ್ಷ ಉಂಡಿದ್ದೀಯಲ್ಲ ಅಂದೆ. ಆ ಕತೆಯ ಅತ್ತೆಯೂ ಹಾಗೇ ಉಂಡಿದ್ದಳಲ್ಲ ಅಂದಳು. ಸುಳ್ಳಾಗಿದ್ದರೆ ಅಚ್ಚು ಹಾಕುತ್ತಿದ್ದರೇ, ಪುರಾಣದಲ್ಲಿ ಸುಳ್ಳು ಹೇಳುತ್ತಾರೆಯೇ ಎಂದು ಕೇಳಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಆ ಶಾಂತ ಮುಖ ನೋಡಿಯೇ ನನಗೆ ಹೆಚ್ಚು ಭಯವಾದದ್ದು. ಮಗನಿಗೆ ಹೇಳಿದ್ದೀಯಾ ಎಂದು ಕೇಳಿದೆ. ಮನೆಯ ಮರ್ಯಾದೆ ಬೀದಿಗೆ ಬರುತ್ತದೆ, ಹೇಳುವುದಿಲ್ಲ ಅಂದಳು.

ಬೇರೆ ದಾರಿ ಕಾಣದೆ ನಾನು ಔಷಧಿ ಅಂಗಡಿಗೆ ಹೋಗಿ ಹೊಸ ಗುಳಿಗೆ ತಂದೆ. ಅವಳೆದುರೇ ಬಿಚ್ಚಿ, ನಾನೇ ನೀರು ಹಿಡಿದೆ. ಮರುಮಾತಿಲ್ಲದೆ ನುಂಗಿದಳು. ನುಂಗಿ, ನನ್ನ ಕೆನ್ನೆ ಸವರಿದಳು. ಜಗತ್ತಿನಲ್ಲಿ ಆಗ ಅವಳು ನಂಬಿದ್ದದ್ದು ನನ್ನೊಬ್ಬಳ ಕೈಯನ್ನು. ನಾನು ಹೋದ ಮೇಲೆ ಏನು ಮಾಡುತ್ತೀ ಎಂದು ಕೇಳಿದೆ.

“ನೀ ಹೋದ ಮ್ಯಾಲೆ ಶಿವ ಅದಾನ,” ಅಂದಳು.

ರಜೆ ಮುಗಿಯುತ್ತ ಬಂದಿತ್ತು. ಅವಳನ್ನು ರಾಯಚೂರಿಗೆ ಕರೆದೊಯ್ಯುತ್ತೇನೆಂದರೆ, ಸಾಯುವುದಾದರೆ ನನ್ನ ಮನೆಯಲ್ಲೇ ಎಂದು ಹಟ ಹಿಡಿದಳು. ಬಸವರಾಜ ಮಾಮನಿಗೆ ಹೇಳಬಹುದಿತ್ತು. ಆದರೆ ಮಾಮ ಹತ್ತಿ ವ್ಯಾಪಾರದವನು, ಪೇಟೆಯಲ್ಲಿ ಮಾತಾಡಿದಂತೆಯೇ ಮನೆಯಲ್ಲೂ ಮಾತಾಡುತ್ತಾನೆ. ಅವನು ಅವ್ವನ ಮೇಲೆ ಕೂಗಾಡಿದರೆ, ಸೊಸೆ ವಿಷ ಹಾಕುತ್ತಾಳೆ ಎಂಬ ಮಾತು ಅತ್ತೆಯ ಬಾಯಿಂದ ಹೊರಬೀಳುತ್ತದೆ. ಒಮ್ಮೆ ಆಡಿದ ಆ ಮಾತನ್ನು ಯಾರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ? ಶರಣಮ್ಮನ ಮನೆಗೆ ಮುಟ್ಟಿ, ಓಣಿಗೆ ಮುಟ್ಟಿ, ನಾಳೆ ಅತ್ತೆಗೆ ಏನಾದರೂ ಆದರೆ ಗಿರಿಜಾ ಜೀವಮಾನವಿಡೀ ಅದನ್ನು ಹೊತ್ತು ತಿರುಗಬೇಕು. ಇನ್ನು ಗಿರಿಜಾಳಿಗೆ ಹೇಳುವುದೆಂದರೆ, ‘ಮೊದಲ ನೀ ಉಣ್ಣವಾ’ ಎಂದದ್ದರ ಅರ್ಥವನ್ನೂ ಹೇಳಬೇಕು. ನನ್ನಿಂದಾಗಲಿಲ್ಲ.

ಓದು ನಿಲ್ಲಿಸಿಬಿಡೋಣವೆಂದು ನೋಡಿದೆ. ಕಣ್ಣು ನೋಯುತ್ತದೆ ಎಂದು ಪುಸ್ತಕ ಚೀಲದೊಳಗೆ ಹಾಕಿದೆ. ಅತ್ತೆ ಒಪ್ಪಲಿಲ್ಲ. ಪುರಾಣ ಹಚ್ಚಿದ ಮೇಲೆ ಮಂಗಳ ಆಗಲೇಬೇಕು, ಅರ್ಧಕ್ಕೆ ನಿಂತರೆ ಮನೆಗೆ ಒಳ್ಳೆಯದಲ್ಲ ಅಂದಳು. ಮಂಗಳದ ದಿನ ಗೋಧಿ ಹುಗ್ಗಿ ಮಾಡುವುದೆಂದು ಗಿರಿಜಾಳಿಗೆ ಹೇಳಿಯೂ ಆಯಿತು. ಹುಗ್ಗಿಯ ಬೆಲ್ಲ ಮಾತ್ರ ಶರಣಮ್ಮನ ಮನೆಯದಿರಲಿ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಕೊಲೆ ಕಾದಂಬರಿಯ ಕೊನೆ ಮೊದಲೇ ನೋಡುವವರನ್ನು ನಾನು ಮನುಷ್ಯರೆಂದೇ ತಿಳಿದವಳಲ್ಲ. ಅವತ್ತು ಹತ್ತಿ ತುಂಬುವ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಹತ್ತಿಯ ಮೂಟೆಗಳ ನಡುವೆ ಕೂತು ಕೊನೆಯ ಅಧ್ಯಾಯ ತೆಗೆದೆ. ಹಾಳೆ ಮಗುಚುವಾಗ ದೇವರನ್ನು ನೆನೆದೆ. ಡಾಕ್ಟರನಾಗಿರಲಿ, ಅಡಿಗೆಯವಳಾಗಿರಲಿ, ಯಾರಾದರೂ ಆಗಿರಲಿ. ಹತ್ತಿಯ ಧೂಳಿಗೆ ಸೀನು ಬಂದರೂ ತಡೆದುಕೊಂಡು ಓದಿದೆ. ಕೊಂದವಳು ಸೊಸೆ.

ಪುಸ್ತಕ ಮುಚ್ಚಿದೆ. ನನ್ನೊಳಗಿದ್ದ ಹೆದರಿಕೆಗೆ ಆಗ ಒಂದು ಆಕಾರ ಬಂತು. ನಾಳೆ ನಾನು ಈ ಅಧ್ಯಾಯಕ್ಕೆ ಅರ್ಥ ಹೇಳುತ್ತೇನೆ, ನಾಡಿದ್ದು ಬಸ್ಸು ಹತ್ತುತ್ತೇನೆ, ಆಮೇಲೆ ಯಾವತ್ತೋ ಫೋನು ಬರುತ್ತದೆ. ಯಾವ ಫೌಜದಾರನೂ ನನ್ನನ್ನು ಹಿಡಿಯಲಾರ. ಚಾಕು ಹಿಡಿದವಳಲ್ಲ, ವಿಷ ಮುಟ್ಟಿದವಳಲ್ಲ. ಕಂಬಕ್ಕೊರಗಿ ಪುಸ್ತಕ ಓದಿದ್ದೇನೆ, ಅಷ್ಟೇ.

ಕತೆ ಬದಲಾಯಿಸಲೇಬೇಕು. ಆದರೆ ಕೊಲೆಯನ್ನು ಯಾರ ತಲೆಗೆ ಕಟ್ಟುವುದು? ಡಾಕ್ಟರು ಅಂದರೆ ಅತ್ತೆ ಇನ್ನು ಯಾವ ಗುಳಿಗೆಯನ್ನೂ ಮುಟ್ಟುವುದಿಲ್ಲ. ಮಗ ಅಂದರೆ ಅವಳು ಆ ಕ್ಷಣವೇ ಸತ್ತಾಳು. ಹಾಲು ತರುವವಳು ಅಂದರೆ ಶರಣಮ್ಮ ಎದುರೇ ಕೂತಿರುತ್ತಾಳೆ, ಪಾಪ, ಬೆಲ್ಲವೂ ಅವಳದೇ. ಅಯ್ಯನವರ ಮೇಲೆ ಹಾಕುವಷ್ಟು ಧೈರ್ಯ ನನಗಿಲ್ಲ. ಹೊರಗಿನ ಕಳ್ಳನನ್ನು ತರೋಣವೆಂದರೆ ಹಳ್ಳ ಬಂದು ದಾರಿ ಬಂದ್ ಆಗಿದೆ ಎಂದು ನಾನೇ ಹೇಳಿಬಿಟ್ಟಿದ್ದೆ. ಆ ಮನೆಯ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತ ಬಂದೆ. ಎಲ್ಲರೂ ಈ ಮನೆಗೆ ಬೇಕಾದವರೇ. ರಜೆ ಮುಗಿಸಿ ಹೊರಟುಹೋಗುವವಳು ಒಬ್ಬಳೇ.

ಮರುದಿನ ಊಟದ ಹೊತ್ತಿಗೆ ಗಿರಿಜಾ ಹುಗ್ಗಿಗೆ ಇಟ್ಟಳು. ಅಡಿಗೆಮನೆಯ ಬಾಗಿಲು ತೆರೆದಿತ್ತು, ಅವಳಿಗೂ ಕೇಳುತ್ತಿತ್ತು. ಅತ್ತೆ ಮಡಿ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಕೂತಿದ್ದಳು. ಶರಣಮ್ಮ ಗೋಡೆಗೆ ಒರಗಿದಳು. ನಾನು ಪುಸ್ತಕ ತೆರೆದು, ಅಲ್ಲಿದ್ದ ಇಂಗ್ಲಿಷ್ ಸಾಲುಗಳ ಮೇಲೆ ಕಣ್ಣಾಡಿಸುತ್ತ, ಅಲ್ಲಿಲ್ಲದ ಕತೆ ಹೇಳತೊಡಗಿದೆ. ನನ್ನ ದನಿ ನಡುಗುತ್ತಿತ್ತು. ಇಬ್ಬರೂ ಅದನ್ನು ಕತೆಯ ನಡುಕ ಎಂದುಕೊಂಡಿರಬೇಕು.

ಫೌಜದಾರ ಎಲ್ಲರನ್ನೂ ಪಡಸಾಲೆಗೆ ಕರೆದ ಅಂದೆ. ಸೊಸೆಯ ಮೇಲೆ ಎಲ್ಲರಿಗೂ ಅನುಮಾನವಿತ್ತು, ಆದರೆ ಫೌಜದಾರ ಅವಳಿಗೆ ಕೈಮುಗಿದು, ಈ ಮನೆಯಲ್ಲಿ ಮುದುಕಿಯನ್ನು ಜೀವದಂತೆ ಕಾಪಾಡಿದವಳು ನೀನೊಬ್ಬಳೇ ತಾಯಿ, ಅವಳು ಇಷ್ಟು ದಿನ ಉಳಿದದ್ದೇ ನಿನ್ನ ಔಷಧಿಯಿಂದ ಎಂದ. ಆ ಔಷಧಿಯ ಬಾಟಲಿ ಬದಲಾಯಿಸಿದವಳು ಬೇರೆ. ರಜೆಗೆಂದು ಬಂದು ಉಳಿದಿದ್ದ, ಮುದುಕಿಯ ತಮ್ಮನ ಮಗಳು. ಸದಾ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದಳಾದ್ದರಿಂದ ಅವಳ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ.

ಅತ್ತೆಯ ಕೈಯ ಬತ್ತಿ ನಿಂತಿತು. ಅಂಥವಳೊಬ್ಬಳು ಇದ್ದಳೆಂದು ನೀನು ಮೊದಲು ಹೇಳಲೇ ಇಲ್ಲವಲ್ಲ ಎಂದು ಶರಣಮ್ಮ ಆಕ್ಷೇಪಿಸಿದಳು. ಬರೆದವರು ಬೇಕೆಂದೇ ಮುಚ್ಚಿಟ್ಟಿದ್ದಾರೆ ಅಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅತ್ತೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು.

“ಯಾಕ ಮಾಡಿದಳು? ಆಕಿಗಿ ಏನ ಕಡಿಮಿ ಆಗಿತ್ತು?”

ಅದನ್ನು ನಾನು ಯೋಚಿಸಿಟ್ಟಿರಲಿಲ್ಲ. ಆದರೂ ಮಾತು ತಾನಾಗಿ ಬಂತು. ಮುದುಕಿ ಮೊದಲು ಅವಳನ್ನೇ ಸೊಸೆಯಾಗಿ ಕೇಳಿದ್ದಳು, ಅವಳೇ ಒಲ್ಲೆ ಅಂದಿದ್ದಳು. ಆಮೇಲೆ ತಂಗಿ ಆ ಮನೆ ತುಂಬಿದಳು. ವರ್ಷ ವರ್ಷ ರಜೆಗೆ ಬಂದು, ತನ್ನದಾಗಬೇಕಿದ್ದ ಮನೆಯಲ್ಲಿ ನೆಂಟರಂತೆ ಉಂಡು ಹೋಗುವಾಗ ಹೊಟ್ಟೆಯಲ್ಲಿ ಕಿಚ್ಚು ಹುಟ್ಟಿತು. ಮುದುಕಿ ಸತ್ತು ಅನುಮಾನ ತಂಗಿಯ ಮೇಲೆ ಬಂದರೆ ಎರಡು ಸೇಡೂ ತೀರುತ್ತವೆ ಅಂದುಕೊಂಡಳು. ಹೀಗೆ ಹೇಳಿ ಪುಸ್ತಕ ಮುಚ್ಚಿದೆ. ನನಗೆ ಹಾಗೆ ಎಂದೂ ಅನಿಸಿರಲಿಲ್ಲ ಎಂದೇ ನನ್ನ ನಂಬಿಕೆ. ಆದರೆ ಅಷ್ಟು ಸಲೀಸಾಗಿ ಬಂದ ಆ ಮಾತುಗಳನ್ನು ನನ್ನ ಕಿವಿಯಲ್ಲೇ ಕೇಳಿ ನನಗೆ ಹೆದರಿಕೆಯಾಯಿತು.

ಅಡಿಗೆಮನೆಯಲ್ಲಿ ಹುಗ್ಗಿ ತಿರುವುವ ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಯಿತು. ಅತ್ತೆ ಎದ್ದಳು. ಪುಸ್ತಕಕ್ಕೆ ಆರತಿ ಬೆಳಗಿದಳು. ಬೆಳಗುವಾಗ ದೀಪ ನನ್ನ ಮುಖದ ಹತ್ತಿರ ಬಂದು ಒಂದು ಕ್ಷಣ ನಿಂತಿತು, ಅಥವಾ ನನಗೆ ಹಾಗೆ ಕಂಡಿತು. ಹುಗ್ಗಿ ಬಡಿಸಿದಾಗ ಗಿರಿಜಾ ಉಣ್ಣುವುದನ್ನು ಅವಳು ಕಾಯಲಿಲ್ಲ. ಸೊಸೆ ಹಾಕಿದ ತಟ್ಟೆಗೆ ಕೈಯಿಟ್ಟು ತುಪ್ಪ ಕೇಳಿ ಹಾಕಿಸಿಕೊಂಡಳು. ಸಂಜೆ, ನಾನು ಗುಳಿಗೆ ಬಿಚ್ಚುತ್ತಿದ್ದಂತೆ, ಅದು ಅಲ್ಲಿರಲಿ ಎಂದು ಗಿರಿಜಾಳನ್ನು ಕೂಗಿದಳು. ಗಿರಿಜಾ ಒದ್ದೆ ಕೈ ಒರೆಸಿಕೊಂಡು ಬಂದು, ತನ್ನ ಡಬ್ಬಿಯ ಗುಳಿಗೆ ಅಂಗೈಗೆ ಹಾಕಿದಳು. ಅತ್ತೆ ನುಂಗಿದಳು. ಬಾಯಿ ತೆರೆದು ನಾಲಿಗೆಯನ್ನೂ ತೋರಿಸಿದಳು, ಸಣ್ಣ ಮಕ್ಕಳು ತೋರಿಸುವ ಹಾಗೆ. ನಾನು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಪಾತ್ರೆ ತಿಕ್ಕುವಾಗ ಗಿರಿಜಾ ನನ್ನ ಕಡೆ ನೋಡದೆ ಕೇಳಿದಳು.

“ಅಕ್ಕಾ, ಆ ಹುಡುಗಿಗಿ ಖರೇನ ಹೊಟ್ಟಿಕಿಚ್ಚು ಇತ್ತೇನು?”

ಕತೆ ಅದು ಅಂದೆ. ಹೌದು, ಕತೆ ಎಂದು ಅವಳೂ ಅಂದಳು. ಆಮೇಲೆ ಇಬ್ಬರೂ ಪಾತ್ರೆಗಳ ಮಾತಾಡಿದೆವು.

ಹೊರಡುವ ದಿನ ಬೆಳಿಗ್ಗೆ ನಾನೇ ಚಹಾ ಮಾಡಿ ಅತ್ತೆಗೆ ಒಯ್ದೆ. ಅಲ್ಲಿಡು ಅಂದಳು. ನಾನು ಚೀಲ ಕಟ್ಟಿ, ತಲೆ ಬಾಚಿ ಬರುವವರೆಗೂ ಅದು ಅಲ್ಲೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಕಾಲಿಗೆ ಬಿದ್ದೆ. ಊತ ಇನ್ನೂ ಇತ್ತು, ಆದರೆ ಇಳಿಯತೊಡಗಿತ್ತು. ಯಾವಾಗಲೂ ನೂರು ವರ್ಷ ಬಾಳವಾ ಅನ್ನುವವಳು ಈ ಸಲ ಹಣೆಗೆ ವಿಭೂತಿ ಹಚ್ಚಿ, “ಶಿವ ನಿನಗ ಒಳ್ಳೆ ಬುದ್ಧಿ ಕೊಡ್ಲಿ” ಅಂದಳು. ಹೇಳುವಾಗ ಅವಳ ಇನ್ನೊಂದು ಕೈ ಗಿರಿಜಾಳ ರಟ್ಟೆಯನ್ನು ಹಿಡಿದುಕೊಂಡಿತ್ತು. ನಾನು ಎಲ್ಲ ಹೇಳಿಬಿಡಲೇ ಅಂದುಕೊಂಡೆ. ಅದು ನಾನು ಕಟ್ಟಿದ ಸುಳ್ಳು, ಪುಸ್ತಕದಲ್ಲಿ ಹಾಗಿಲ್ಲ ಎಂದು. ಹಾಗಾದರೆ ಪುಸ್ತಕದಲ್ಲಿ ಹೇಗಿದೆ ಎಂದು ಅವಳು ಕೇಳುತ್ತಾಳೆ. ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಈಗ ದಿನಾ ಸಂಜೆ ಗಿರಿಜಾಳಿಗೆ ಫೋನು ಮಾಡುತ್ತೇನೆ. ರಿಂಗಾಗುವಷ್ಟು ಹೊತ್ತೂ ಎದೆ ಹೊಡೆದುಕೊಳ್ಳುತ್ತದೆ. ಅವಳು ‘ಅಕ್ಕಾ’ ಎನ್ನುವ ದನಿಯಲ್ಲಿ ಮೊದಲು ಅತ್ತೆ ಇದ್ದಾಳೋ ಇಲ್ಲವೋ ಎಂದು ಹುಡುಕುತ್ತೇನೆ. ಮೊನ್ನೆ ಗಿರಿಜಾ ಖುಷಿಯಲ್ಲಿದ್ದಳು. ಊತ ಪೂರ್ತಿ ಇಳಿದಿದೆ, ಹೊತ್ತಿಗೆ ಸರಿಯಾಗಿ ಗುಳಿಗೆ ಕೇಳಿ ತೆಗೆದುಕೊಳ್ಳುತ್ತಾರೆ ಅಂದಳು. “ನೀ ಹೋದ ಮ್ಯಾಲೆ ಭಾಳ ಆರಾಮ ಅದಾರ ನೋಡು” ಅಂದಳು. ಯಾರದು ಫೋನು ಎಂದು ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ಅಕ್ಕನದು ಎಂದು ಗಿರಿಜಾ ಹೇಳಿದಳು. ಹಿಂದೆಲ್ಲ ಫೋನು ಕಸಿದುಕೊಂಡು, ಉಂಡೆಯಾ, ಏನು ಉಂಡೆ ಎಂದು ಕೇಳುತ್ತಿದ್ದವಳು ಈ ಸಲ ಫೋನು ತೆಗೆದುಕೊಳ್ಳಲಿಲ್ಲ. ಅವಳು ಮತ್ತೆ ಯಾವಾಗ ಬರುತ್ತಾಳಂತೆ ಎಂದು ಕೇಳಿದಳು.

ದೀಪಾವಳಿಗೆ ಹೋಗಬೇಕೆಂದು ಟಿಕೆಟ್ ನೋಡಿಟ್ಟಿದ್ದೆ. ಸದ್ಯಕ್ಕೆ ಬರುವುದಿಲ್ಲ, ಕಾಲೇಜಿನಲ್ಲಿ ಕೆಲಸವಿದೆ ಎಂದು ಹೇಳು ಅಂದೆ. ಗಿರಿಜಾ ಹಾಗೇ ಹೇಳಿದಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಅತ್ತೆಯ ಉಸಿರು ಕೇಳಿಸಿತು, ಮಂಚದ ಮೇಲೆ ಸರಿದು ಕೂತ ಸದ್ದು ಕೇಳಿಸಿತು.

“ಹಂಗಾರ ಛಲೋ ಆತು,” ಅಂದಳು. “ಗುಳಿಗಿ ಕೊಡವಾ ಗಿರಿಜಾ, ಹೊತ್ತಾತು.”